ಆಟಿ ಮಳೆಯಲ್ಲಿ ಇಟಲಿಯ ಹೂದಾನಿ

ವೆನಿಸ್ ಬಳಿಯ ಮುರಾನೊ ದ್ವೀಪದ ಹಳೆಯ ಗಾಜಿನ ಹೂದಾನಿ ಕೈಗೆ ಬಂದರೆ ಮೊದಲು ನೋಡಬೇಕಾದ್ದು ಬಣ್ಣವಲ್ಲ, ಬುಡ. ಮಗುಚಿ ಹಿಡಿದು ಟಾರ್ಚಿನ ಬೆಳಕನ್ನು ಓರೆಯಾಗಿ ಬಿಡಿ. ದಶಕಗಟ್ಟಲೆ ಮೇಜಿನ ಮೇಲೆ ಕೂತಿದ್ದರೆ ಸಣ್ಣ ಗೀರುಗಳು ಅಡ್ಡಾದಿಡ್ಡಿಯಾಗಿರುತ್ತವೆ. ಎಲ್ಲವೂ ಒಂದೇ ದಿಕ್ಕಿಗಿವೆಯೇ? ಯಾರೋ ಸ್ಯಾಂಡ್‌ಪೇಪರ್ ಉಜ್ಜಿದ್ದಾರೆ. ವಿನ್ಯಾಸಕಾರ ಫುಲ್ವಿಯೊ ಬಿಯಾಂಕೋನಿ 1940ರ ದಶಕದ ಕೊನೆಗೆ ಮುರಾನೊದ ಗಾಜಿನ ಕಂಪನಿ ವೆನಿನಿಗಾಗಿ ರೂಪಿಸಿದ, ಕರವಸ್ತ್ರದಂತೆ ಮಡಿಕೆಬಿದ್ದ ‘ಫಾಜೊಲೆಟ್ಟೊ’ ಹೂದಾನಿಗಂತೂ ನಕಲು ವಿಪರೀತ. ಬುಡದಲ್ಲಿ ಆಸಿಡ್‌ನಿಂದ ಒತ್ತಿದ ಕಂಪನಿಯ ಮುದ್ರೆಯೊಂದನ್ನೇ ನಂಬಬೇಡಿ, ಅದನ್ನೂ ನಕಲು ಮಾಡುತ್ತಾರೆ.

ಮಂಗಳೂರು, ಉಡುಪಿಯ ಮನೆಗಳಲ್ಲಿ ಹಾಳಾಗುವುದು ಹೆಚ್ಚಾಗಿ ಒಳಮೈ. ಕಬ್ಬಿಣದಂಶವಿರುವ ಬಾವಿ ನೀರು ನಿಂತು ಕೆಂಪು ಕಲೆ ಕಟ್ಟಿದರೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಸಿಟ್ರಿಕ್ ಆಸಿಡ್ ಕರಗಿಸಿ ಎರಡು ಗಂಟೆ ತುಂಬಿಡಿ. ಚಿನ್ನದ ರೇಕು ಅಂಟಿಸಿದ್ದಕ್ಕೆ ಇದು ಬೇಡ. ಒದ್ದೆಯಿರುವಾಗ ಮಾಯವಾಗಿ, ಒಣಗಿದೊಡನೆ ಮತ್ತೆ ಕಾಣುವ ಬಿಳಿ ಮಸುಕು ಮಾತ್ರ ಕೊಳೆಯಲ್ಲ; ಗಾಜೇ ಸವೆದಿದೆ, ತೊಳೆದರೆ ಹೋಗದು.

ವಿನ್ಯಾಸಕಾರ ಆಲ್ಡೊ ಲೊಂದಿ ಇಟಲಿಯ ಪಿಂಗಾಣಿ ಕಂಪನಿ ಬಿತೊಸ್ಸಿಗಾಗಿ ಮಾಡಿದ ‘ರಿಮಿನಿ ಬ್ಲೂ’ ಸರಣಿಯ ಹೂದಾನಿ ಗಾಜಲ್ಲ, ಸುಟ್ಟ ಮಣ್ಣು. ಅದನ್ನು ನೆನೆಹಾಕಲೇಬೇಡಿ. ಮೆರುಗಿಲ್ಲದ ಬುಡ ನೀರು ಹೀರುತ್ತದೆ, ತುಳುನಾಡಿನ ಜಡಿಮಳೆಯ ಆಟಿ ತಿಂಗಳಲ್ಲಿ ಒಣಗುವುದೇ ಇಲ್ಲ. ಹೂ ಇಡಲೇಬೇಕೆಂದಿದ್ದರೆ ಒಳಗೊಂದು ಗಾಜಿನ ಕೊಳವೆ ಇಳಿಸಿ. ಕಾಗದದ ಲೇಬಲ್‌ಗೆ ಒದ್ದೆ ಬಟ್ಟೆ ತಾಗಿಸಬೇಡಿ, ಅದು ಕಿತ್ತುಬಂದರೆ ಬೆಲೆಯೂ ಇಳಿಯಿತು.