ಶುಕ್ರನ ಮೇಲೆ ಬರ್ತ್‌ಡೇ

ಸೂರ್ಯನಿಗೆ ಹತ್ತಿರ ಇರೋದು ಬುಧ, ಹಾಗಾದ್ರೆ ಅದೇ ಜಾಸ್ತಿ ಬಿಸಿ ಅಲ್ವಾ ಅಂತ ಚಿಕ್ಕ ಮಗಳು ಕೇಳಿದಳು. ಅಲ್ಲ, ಶುಕ್ರ. ಅಲ್ಲಿನ ದಟ್ಟ ಇಂಗಾಲದ ಡೈಆಕ್ಸೈಡ್ ಕಂಬಳಿ ಹೊದಿಸಿದ ಹಾಗೆ ಶಾಖವನ್ನು ಹಿಡಿದಿಡುತ್ತದೆ. ನೆಲದ ಮೇಲೆ ಸುಮಾರು 465 ಡಿಗ್ರಿ ಸೆಲ್ಸಿಯಸ್, ಸೀಸವೇ ಕರಗಿಹೋಗುತ್ತದೆ. ಬುಧನಲ್ಲಿ ಗಾಳಿ ಇಲ್ಲವೆಂದೇ ಹೇಳಬೇಕು. ರಾತ್ರಿ ಮೈನಸ್ 180!

ಅವಳಿಗೆ ಹಿಡಿಸಿದ್ದೇ ಬೇರೆ. ಶುಕ್ರ ಸೂರ್ಯನನ್ನು ಒಂದು ಸುತ್ತು ಬರಲು 225 ದಿನ ಸಾಕು. ಆದರೆ ತನ್ನ ಸುತ್ತ ತಾನು ತಿರುಗಲು 243 ದಿನ ಬೇಕು. ಅದೂ ಉಲ್ಟಾ, ಅಲ್ಲಿ ಸೂರ್ಯ ಹುಟ್ಟೋದು ಪಶ್ಚಿಮದಲ್ಲಿ.

"ಅಮ್ಮಾ, ಅಲ್ಲಿ ನಂಗೆಷ್ಟು ವರ್ಷ?"

ಇಲ್ಲಿ 7. ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆವು, 11 ದಾಟಿತು. "ಅಕ್ಕನಿಗೆ ಬರೀ 10!" ಅಂತ ಕುಣಿದಳು. ಅಕ್ಕನಿಗೂ ಅಲ್ಲಿ 16 ಆಗಿರುತ್ತೆ ಅಂತ ನಾನು ಹೇಳಲು ಹೋಗಲಿಲ್ಲ, ಸುಮ್ನಿದ್ದೆ.