ನೂರೈವತ್ತು ಗಜ

ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದ ಮೇಲೆ ನಾನು ಹೊಡೆದ ಮೊದಲ ಜಿಂಕೆಗೆ ಗುಂಡು ಬಿದ್ದದ್ದು ಹೊಟ್ಟೆಗೆ. 80 ಗಜ ದೂರ, ಅಡ್ಡಲಾಗಿ ನಿಂತಿತ್ತು, ಗಾಳಿ ಇಲ್ಲ, ಅಟ್ಟಣೆಯಲ್ಲಿ ಆರಾಮವಾಗಿ ಕೂತಿದ್ದೆ. ಕೈಯಲ್ಲಿದ್ದದ್ದು .300 ವಿಂಚೆಸ್ಟರ್ ಮ್ಯಾಗ್ನಮ್, ಎಲ್ಕ್‌ನಂಥ ದೊಡ್ಡ ಪ್ರಾಣಿಯನ್ನೇ ಉರುಳಿಸುವ ತೋಟಾ. ತಪ್ಪಲು ಒಂದೂ ಕಾರಣ ಇರಲಿಲ್ಲ.

ಇಳಿದು ಹೋಗಿ ನೋಡಿದೆ. ಹಿಮದ ಮೇಲೆ ಸ್ವಲ್ಪವೇ ರಕ್ತ, ಅದೂ ಕಪ್ಪಗೆ, ಜೊತೆಗೆ ಹಸಿರು ಹಸಿರಾಗಿ ಏನೋ. ಬಗ್ಗಿ ಮೂಸಿದರೆ ಸಗಣಿ ವಾಸನೆ. ನನ್ನನ್ನು ಕರೆದುಕೊಂಡು ಹೋಗಿದ್ದ ಪಕ್ಕದ ಮನೆಯ ಯಜಮಾನರು ಹೆಗಲ ಮೇಲೆ ಕೈಯಿಟ್ಟು ನಿಲ್ಲಿಸಿದರು. "ಈಗ ಹಿಂದೆ ಹೋಗಬೇಡ. ಅಟ್ಟಿಸಿದರೆ ಅದು ನೋವಲ್ಲೇ ಓಡುತ್ತಾ ಎಲ್ಲೋ ಹೋಗಿ ಬೀಳುತ್ತೆ, ನಮಗೆ ಸಿಗೋದೇ ಇಲ್ಲ." ಹೊಟ್ಟೆಗೆ ಬಿದ್ದ ಜಿಂಕೆ ಸಾಯಲು ಗಂಟೆಗಟ್ಟಲೆ ಬೇಕು. ಮಾರನೇ ದಿನ ಬೆಳಿಗ್ಗೆ ಸಿಕ್ಕಿತು. ಹಿಂಗಾಲಿನ ಕಡೆ ಕಯೋಟಿಗಳು, ಇಲ್ಲಿಯ ಸಣ್ಣ ತೋಳದಂಥ ಪ್ರಾಣಿಗಳು, ಆಗಲೇ ತಿಂದಿದ್ದವು. ಆ ರಾತ್ರಿ ನಾನು ಮಲಗಿದ್ದೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ನನಗೆ ಕೋವಿ ಹೊಸದಲ್ಲ. ಕೊಡಗಿನವನು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ನಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವನು. ಆದರೆ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನುವುದು ಅಜ್ಜನ ಬಾಯಲ್ಲಿ ಮಾತ್ರ ಉಳಿಯಿತು, ನಾನು ಪ್ರಾಣಿಗೆ ಗುರಿಯಿಟ್ಟವನೇ ಅಲ್ಲ. ಇಲ್ಲಿ ಲೈಸೆನ್ಸ್ ತಗೊಂಡು, 1973ರಿಂದೀಚೆಗೆ ಹುಟ್ಟಿದವರಿಗೆ ಕಡ್ಡಾಯವಾದ ಬೇಟೆ ತರಬೇತಿ ಮುಗಿಸಿ, ಕಣ್ಣು ಕುಕ್ಕುವ ಕಿತ್ತಳೆ ಜಾಕೆಟ್ ಹಾಕಿಕೊಂಡು ಕಾಡಿಗೆ ಹೋದೆ. ಸೀಸನ್ ಒಂಬತ್ತೇ ದಿನ, ಥ್ಯಾಂಕ್ಸ್‌ಗಿವಿಂಗ್‌ಗೆ ಮೊದಲಿನ ಶನಿವಾರ ಶುರು. ತೆಂಗಿನಕಾಯಿ ತಪ್ಪಿದರೆ ಪಕ್ಕದವರು ನಗುತ್ತಾರೆ, ಅಷ್ಟೇ. ಇಲ್ಲಿ ಹಾಗಲ್ಲ ಅನ್ನುವುದು ಗೊತ್ತಿತ್ತು, ಗೊತ್ತಿದ್ದೂ ಹೀಗಾಯಿತು.

ಮೊದಲು ಸ್ಕೋಪ್ ಮೇಲೆ, ಅಂದರೆ ಕೋವಿಯ ಗುರಿ ದುರ್ಬೀನಿನ ಮೇಲೆ, ತಪ್ಪು ಹೊರಿಸಿದೆ. ಎಲ್ಲರೂ ಮಾಡುವುದು ಅದೇ, ಅಲ್ವಾ? ಮುಂದಿನ ವಾರ ಇಬ್ಬರೂ ಗುರಿ ಅಭ್ಯಾಸದ ರೇಂಜ್‌ಗೆ ಹೋದೆವು. ಯಜಮಾನರು ಮರಳು ಚೀಲದ ಮೇಲೆ ಕೋವಿ ಇಟ್ಟು 100 ಗಜಕ್ಕೆ ಮೂರು ಗುಂಡು ಹಾರಿಸಿದರು. ಮೂರೂ ಒಂದು ಇಂಚಿನೊಳಗೆ. ಇಲ್ಲಿಯವರು ಇದನ್ನು ಒಂದು ಎಂಒಎ (ಮಿನಿಟ್ ಆಫ್ ಆಂಗಲ್, ಗುರಿಯ ನಿಖರತೆ ಅಳೆಯುವ ಪುಟ್ಟ ಕೋನ) ಅಂತಾರೆ, 100 ಗಜಕ್ಕೆ ಸರಿಯಾಗಿ 1.047 ಇಂಚು. ಕೋವಿ ಪಾಪ ನೆಟ್ಟಗೇ ಇದೆ.

ಆಮೇಲೆ ನನ್ನ ಸರದಿ. ಅವರೇ ತೋಟಾ ತುಂಬಿಸಿ ಕೊಡುತ್ತಿದ್ದರು. ಎರಡು ಗುಂಡು ಆಯಿತು. ಮೂರನೆಯದಕ್ಕೆ ಟ್ರಿಗರ್ ಎಳೆದರೆ ಢಂ ಅನ್ನಲಿಲ್ಲ, ಟಿಕ್ ಅಂತ ಸದ್ದು. ನನಗೆ ಹೇಳದೆ ಡಮ್ಮಿ ತೋಟಾ ಹಾಕಿದ್ದರು. ಗುಂಡೇ ಇಲ್ಲದ ಕೋವಿಯ ನಳಿಗೆ ಮಾತ್ರ ನಾಲ್ಕು ಬೆರಳು ಕೆಳಗೆ ಕುಸಿದಿತ್ತು, ಭುಜ ಮುಂದಕ್ಕೆ ನೂಕಿತ್ತು, ಕಣ್ಣು ಮುಚ್ಚಿಕೊಂಡಿತ್ತು. ಮ್ಯಾಗ್ನಮ್ ಒದೆಯುತ್ತೆ ಅನ್ನುವ ಹೆದರಿಕೆಗೆ ಮೈ ಮೊದಲೇ ಹೆದರಿ ಕೂತಿತ್ತು. ಯಜಮಾನರು ಏನೂ ಅನ್ನಲಿಲ್ಲ. ಅನ್ನುವುದೇನಿತ್ತು?

ಆ ಮ್ಯಾಗ್ನಮ್ ಮಾರಿಬಿಟ್ಟೆ. ಈಗ ಇರುವುದು .308 ವಿಂಚೆಸ್ಟರ್, 1952ರಿಂದ ಇರುವ ಹಳೇ ಸರಕು. 150 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು, ನಳಿಗೆಯಿಂದ ಹೊರಡುವಾಗ ಸೆಕೆಂಡಿಗೆ ಸುಮಾರು 2,800 ಅಡಿ ವೇಗ. ಮ್ಯಾಗ್ನಮ್ಮಿನ ಒದೆತ ಇದರ ಒಂದೂವರೆ ಪಟ್ಟು ಇತ್ತು, ಭುಜವೇ ವ್ಯತ್ಯಾಸ ಹೇಳುತ್ತದೆ. 6.5 ಕ್ರೀಡ್‌ಮೂರ್ ತಗೋ ಅಂತ ಹುಡುಗರು ಹೇಳಿದರು, 2007ರಲ್ಲಿ ಬಂದದ್ದು, ಒಳ್ಳೆಯದೇ. .243, .270, ನೂರು ವರ್ಷ ದಾಟಿದ .30-06, ಇದರಲ್ಲಿ ಯಾವ ತೋಟಾ ಆದರೂ ಇಲ್ಲಿಯ ವೈಟ್‌ಟೇಲ್ ಜಿಂಕೆಗೆ ಸಾಕು. ಇದಕ್ಕಾಗಿ ಜಗಳ ಆಡುವವರನ್ನು ಕಂಡರೆ ಸುಮ್ನೆ ಎದ್ದು ಹೋಗುತ್ತೇನೆ.

ತೋಟಾಕ್ಕಿಂತ ಅದರ ಮೂತಿಯ ಗುಂಡು ಯಾವ ಥರದ್ದು ಅಂತ ಜಾಸ್ತಿ ನೋಡಬೇಕು. ಪೂರ್ತಿ ಲೋಹದ ಕವಚ ಇರುವ ಗುಂಡು ಸೂಜಿ ಹಾಗೆ ತೂರಿ ಹೋಗುತ್ತೆ, ಜಿಂಕೆ ದೂರ ಓಡಿ ನರಳುತ್ತೆ. ಮೆತ್ತನೆ ತುದಿಯ ಗುಂಡು ಒಳಗೆ ಹೋಗಿ ಅರಳುತ್ತೆ. ನಾನು ಈಗ ಬಳಸುವುದು ತಾಮ್ರದ್ದು. ಸೀಸದ ಗುಂಡು ಒಡೆದು ಚೂರುಗಳು ಮಾಂಸದಲ್ಲಿ ಸೇರುತ್ತವೆ, ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ. ಇನ್ನೊಂದು, ಗುಂಡಿನ ಬ್ರ್ಯಾಂಡ್ ಬದಲಾಯಿಸಿದರೆ ಮತ್ತೆ ರೇಂಜ್‌ಗೆ ಹೋಗಿ ಗುರಿ ಕೂರಿಸಲೇಬೇಕು, ಅದೇ ಕೋವಿ ಬೇರೆ ಗುಂಡನ್ನು ಬೇರೆ ಕಡೆ ಹಾಕುತ್ತೆ.

ಜಿಂಕೆಯ ಹೃದಯ, ಶ್ವಾಸಕೋಶ ಸೇರಿ ಒಂದು ಪೇಪರ್ ಪ್ಲೇಟಿನಷ್ಟು ಜಾಗ, ಮುಂಗಾಲಿನ ಹಿಂದೆಯೇ. ಅದಕ್ಕೆ 9 ಇಂಚಿನ ಪ್ಲೇಟು ನೆಟ್ಟು ಹೊಡೆಯುತ್ತೇನೆ, ಟೇಬಲ್ಲು, ಮರಳು ಚೀಲ ಯಾವುದೂ ಇಲ್ಲ. ನೆಲದ ಮೇಲೆ ಕೂತು, ಕವೆಗೋಲಿನ ಮೇಲೆ ಕೋವಿ ಇಟ್ಟು, ದಿನಕ್ಕೆ ಒಂದೇ ಗುಂಡು, ತಣ್ಣಗಿನ ನಳಿಗೆಯಿಂದ. ಕಾಡಲ್ಲಿ ಸಿಗುವುದೂ ಅಂಥ ಮೊದಲ ಗುಂಡು ಒಂದೇ ತಾನೆ? ಅಕ್ಟೋಬರ್ ಪೂರ್ತಿ ಇದೇ ಆಯಿತು, ಹೆಂಡತಿ "ಒಂದು ಗುಂಡಿಗೆ ನಲವತ್ತು ನಿಮಿಷ ಕಾರು ಓಡಿಸ್ತೀರಾ" ಅಂತ ಬೈದಳು. 150 ಗಜಕ್ಕೆ ಐದಕ್ಕೆ ಐದು. 200 ಗಜಕ್ಕೆ ಐದರಲ್ಲಿ ಮೂರು. .308ಕ್ಕೆ 200 ಗಜ ಲೆಕ್ಕವೇ ಅಲ್ಲ, 100ಕ್ಕೆ ಗುರಿ ಕೂರಿಸಿದ್ದರೆ ಅಲ್ಲಿ ನಾಲ್ಕು ಇಂಚು ಇಳಿದಿರುತ್ತೆ, ಅಷ್ಟೇ. ಆದರೆ ನನಗೆ ಲೆಕ್ಕ.

ಹೋದ ನವೆಂಬರಿನಲ್ಲಿ ಕೊಯ್ದ ಜೋಳದ ಹೊಲದ ಆಚೆ ತುದಿಗೆ ಎಂಟು ಕವಲಿನ ಕೊಂಬಿದ್ದ ಗಂಡು ಜಿಂಕೆ ಬಂತು. ದೂರ ಅಳೆಯುವ ರೇಂಜ್‌ಫೈಂಡರ್ 220 ಗಜ ತೋರಿಸಿತು. ಹತ್ತು ನಿಮಿಷ ಮೇಯುತ್ತಾ ನಿಂತಿತ್ತು, ಸ್ಕೋಪಿನಲ್ಲಿ ಅದರ ಮೂಗಿನ ಹಬೆ ಕಾಣುತ್ತಿತ್ತು. ಸೇಫ್ಟಿ ತೆಗೆಯಲಿಲ್ಲ. ಹೊಟ್ಟೆ ಉರಿಯಲಿಲ್ಲ ಅಂತ ಹೇಳಲ್ಲ.

ಎರಡು ದಿನ ಬಿಟ್ಟು ಒಂದು ಹೆಣ್ಣು ಜಿಂಕೆ, 90 ಗಜ. ಅದಕ್ಕೂ ಪರ್ಮಿಟ್ ಇತ್ತು. ನಲವತ್ತು ಹೆಜ್ಜೆ ಓಡಿ ಬಿತ್ತು. ಹಿಮದ ಮೇಲೆ ಗುಲಾಬಿ ಬಣ್ಣದ ನೊರೆ ರಕ್ತ, ಶ್ವಾಸಕೋಶದ್ದು. ಇಲ್ಲಿ ಜಿಂಕೆಗಳಿಗೆ ಮಿದುಳು ತಿನ್ನುವ ಸಿಡಬ್ಲ್ಯೂಡಿ ರೋಗ 2002ರಲ್ಲೇ ಪತ್ತೆಯಾಗಿದೆ, ಹಾಗಾಗಿ ತಲೆಯನ್ನು ಪರೀಕ್ಷೆಗೆ ಕೊಟ್ಟು, ವರದಿ ಬರುವವರೆಗೆ ಮಾಂಸ ಫ್ರೀಜರಿನಲ್ಲೇ ಇತ್ತು. ಆಮೇಲೆ ಊರಿನ ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿ, ಹಾಕಿ ಮಾಡಿದೆವು, ಪಕ್ಕದ ಮನೆಗೂ ಒಂದು ಡಬ್ಬಿ ಹೋಯಿತು. ಈಗ ಬಾಟಲಿಯಲ್ಲಿ ಕಾಚಂಪುಳಿ ಎರಡು ಚಮಚ ಉಳಿದಿದೆ, ಊರಿಂದ ಬರುವವರು ಯಾರಾದರೂ ಇದ್ದರೆ ಹೇಳಿ.