ವಿರಾಜಪೇಟೆಯ ಚಹಾ ಅಂಗಡಿಯಲ್ಲಿ ನೀಲಿ ಜೆರ್ಸಿ

2024ರ ಡಿಸೆಂಬರ್ 7, ಶನಿವಾರ. ಸಂಜೆ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಫುಟ್‌ಬಾಲ್ ಪಂದ್ಯ. ನಾನು ಮಾತ್ರ ಬೆಳಗ್ಗೆ ಆರಕ್ಕೇ ಮೈಸೂರು ರಸ್ತೆ ಹಿಡಿದಿದ್ದೆ. ಕಾಲೇಜು ಗೆಳೆಯನ ತಂಗಿಯ ಮದುವೆ, ಭಾನುವಾರ, ವಿರಾಜಪೇಟೆಯಲ್ಲಿ. ತಪ್ಪಿಸುವ ಹಾಗಿರಲಿಲ್ಲ. ಇಸ್ತ್ರಿ ಮಾಡಿದ ಬಟ್ಟೆಯ ಕೆಳಗೆ ಬೆಂಗಳೂರು ತಂಡದ ನೀಲಿ ಜೆರ್ಸಿಯನ್ನೂ ಮಡಚಿಟ್ಟುಕೊಂಡಿದ್ದೆ.

ಹುಣಸೂರು ದಾಟಿದ ಮೇಲೆ ದಾರಿ ನಾಗರಹೊಳೆಯ ಅಂಚಿಗೆ ಸೇರುತ್ತದೆ. ಆನೆಚೌಕೂರು ಗೇಟ್, ಮತ್ತಿಗೋಡು ಆನೆ ಶಿಬಿರ, ತಿತಿಮತಿ. ಕಿಟಕಿ ಇಳಿಸಿದರೆ ತಣ್ಣನೆ ಗಾಳಿ. ಗೋಣಿಕೊಪ್ಪದಿಂದ ಮುಂದೆ ಬರೀ ಕಾಫಿ ತೋಟ. ಅರೇಬಿಕಾ ಹಣ್ಣು ಕೊಯ್ಯುವ ಸಮಯ ಅದು. ಕೆಲವು ಮನೆಗಳ ಕಣದಲ್ಲಿ ಆಗಲೇ ಕಾಫಿ ಹರಡಿದ್ದರು. ಗದ್ದೆಗಳಲ್ಲಿ ಭತ್ತ ಬಲಿತು ನಿಂತಿತ್ತು. ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂದಿತ್ತು, ಅಲ್ವಾ.

ವಿರಾಜಪೇಟೆ ಕೇರಳ ಗಡಿಗೆ ಹತ್ತಿರದ ಊರು. ಪೆರುಂಬಾಡಿ, ಮಾಕುಟ್ಟ ಘಾಟ್ ಇಳಿದರೆ ಕೂಟುಪುಳ ಸೇತುವೆ. ಅದರಾಚೆ ಇರಿಟ್ಟಿ, ಕಣ್ಣೂರು. ಪೇಟೆಯಲ್ಲಿ ಕನ್ನಡ, ಕೊಡವ ತಕ್ಕ್, ಮಲಯಾಳ ಮೂರೂ ಒಟ್ಟಿಗೆ ಕೇಳಿಸುತ್ತವೆ. ಗಡಿಯಾರ ಕಂಬದ ಹತ್ತಿರ ಕಾರು ನಿಲ್ಲಿಸಿದಾಗ ಮೊದಲು ಕಂಡದ್ದು ಹಳದಿ ಜೆರ್ಸಿ ಹಾಕಿದ ನಾಲ್ಕು ಹುಡುಗರು. ಬ್ಲಾಸ್ಟರ್ಸ್ ಅಭಿಮಾನಿಗಳು. ನಾನು ಎದುರಾಳಿಗಳ ಊರಿಗೇ ಬಂದಿದ್ದೆ.

ಗೆಳೆಯನ ಮನೆ ತೋಟದೊಳಗೆ. ಅಲ್ಲಿ ಮೊಬೈಲ್ ನೆಟ್‌ವರ್ಕ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ನನ್ನ ಚಡಪಡಿಕೆ ನೋಡಿ ಅವನ ತಂದೆಯೇ ಕೇಳಿದರು, ‘ಏನು ಮಾರಾಯ, ಏನಾಯ್ತು?’ ಹೇಳಿದೆ. ಮಗಳ ಮದುವೆಯ ಹಿಂದಿನ ಸಂಜೆ, ಮನೆ ತುಂಬ ನೆಂಟರು. ಆದರೂ ಅಂಕಲ್ ಜೀಪಿನ ಕೀ ತೆಗೆದುಕೊಂಡರು. ಪೇಟೆಯಿಂದ ತರಬೇಕಾದ ಸಾಮಾನೂ ಇತ್ತು ಅನ್ನಿ. ಅವರು ಫುಟ್‌ಬಾಲ್ ನೋಡುವವರಲ್ಲ, ಹಾಕಿಯವರು. ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ತಮ್ಮ ಕುಟುಂಬಕ್ಕಾಗಿ ವರ್ಷಗಟ್ಟಲೆ ಆಡಿದವರು. 1997ರಲ್ಲಿ ಕರಡದಲ್ಲಿ ಶುರುವಾದ ಆ ಹಬ್ಬಕ್ಕೆ ನಾಪೋಕ್ಲಿನಲ್ಲಿ 2024ರಲ್ಲಿ 360 ಕುಟುಂಬಗಳ ತಂಡಗಳು ಬಂದಿದ್ದವು.

ದಾರಿಯಲ್ಲಿ ಅವರಿಗೆ ಹಿಂದಿನ ಕಥೆ ಹೇಳಿದೆ. 2023ರ ಮಾರ್ಚ್ 3ರ ಪ್ಲೇಆಫ್. ಹೆಚ್ಚುವರಿ ಸಮಯದಲ್ಲಿ ನಮ್ಮ ಸುನಿಲ್ ಚೆಟ್ರಿ, ಕೇರಳದವರು ಸಿದ್ಧವಾಗುವ ಮೊದಲೇ, ಥಟ್ಟನೆ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ಕೇರಳದವರು ಒಪ್ಪದೆ ಮೈದಾನ ಬಿಟ್ಟು ಹೊರಟೇ ಹೋದರು. ಆಮೇಲಿಂದ ಈ ಎರಡು ತಂಡ ಎದುರಾದರೆ ಗಾಳಿಯೇ ಬಿಸಿ. ಅದರ ಮುಂದಿನ ಸೀಸನ್‌ನಲ್ಲಿ ನಾವು 12 ತಂಡಗಳಲ್ಲಿ ಹತ್ತನೆಯವರಾದೆವು. ಆ ವರ್ಷ ನನಗೆ ನೋವಾದದ್ದು ಸೋಲಿನಿಂದ ಅಲ್ಲ. ಒಂದು ಗೋಲು ತಿಂದ ಕೂಡಲೇ ನಮ್ಮ ಹುಡುಗರ ಭುಜ ಇಳಿದುಬಿಡುತ್ತಿತ್ತು. ಅದನ್ನು ನೋಡೋಕೆ ಆಗುತ್ತಿರಲಿಲ್ಲ.

ಅಂಗಡಿ ಮಲಯಾಳಿ ಚೇಟನದು. ಗೋಡೆಯಲ್ಲಿ ಟಿವಿ, ಒಳಗೆ ಕಟ್ಟನ್ ಚಾಯ ಮತ್ತು ಪಳಂಪೊರಿಯ ವಾಸನೆ. ಇಪ್ಪತ್ತು ಜನರಾದರೂ ಇದ್ದರು, ಜಾಸ್ತಿ ಹಳದಿ. ನೀಲಿ ನಾನೊಬ್ಬನೇ. ಯಾರೂ ಏನೂ ಅನ್ನಲಿಲ್ಲ, ಜರುಗಿ ಬೆಂಚಿನಲ್ಲಿ ಜಾಗ ಕೊಟ್ಟರು.

ಎಂಟನೇ ನಿಮಿಷಕ್ಕೇ ಚೆಟ್ರಿ ಗೋಲು. ಮೂವತ್ತೆಂಟಕ್ಕೆ ರಯಾನ್ ವಿಲಿಯಮ್ಸ್. ನಾನು ಎದ್ದು ಕೂಗಿದೆ, ಅಂಗಡಿ ಸುಮ್ಮನಿತ್ತು. ವಿರಾಮದ ಬಳಿಕ ಎಲ್ಲ ಬದಲಾಯಿತು. ಕೇರಳದ ಕಡೆಯಿಂದ 56ರಲ್ಲಿ ಹಿಮೆನೆಜ್, 67ರಲ್ಲಿ ಫ್ರೆಡ್ಡಿ. ಎರಡು–ಎರಡು. ಬೆಂಚು ಬಡಿಯುವ ಸದ್ದಿಗೆ ಲೋಟಗಳು ಕುಣಿದವು. ನನ್ನ ಹೊಟ್ಟೆಯಲ್ಲಿ ಹಳೆಯ ಭಯ ಎದ್ದಿತು. ಮುಗಿಯಿತು, ಈಗ ಕುಸಿಯುತ್ತಾರೆ ಅಂದುಕೊಂಡೆ.

ಅಂಕಲ್ ನನ್ನ ಮೊಣಕಾಲ ಮೇಲೆ ಕೈ ಇಟ್ಟರು. ‘ಈಗ ನೋಡು. ಲೀಡ್ ಇದ್ದಾಗ ಎಲ್ಲರೂ ಚೆನ್ನಾಗೇ ಆಡ್ತಾರೆ. ಟೀಮ್ ಯಾವುದು ಅಂತ ಈಗ ಗೊತ್ತಾಗೋದು.’

ಆರೇ ನಿಮಿಷ. 73ರಲ್ಲಿ ಮತ್ತೆ ಚೆಟ್ರಿ. ಆಮೇಲೆ ಕೇರಳ ಬಿಡಲಿಲ್ಲ, ನಮ್ಮವರೂ ಬಿಡಲಿಲ್ಲ. ಹೆಚ್ಚುವರಿಯಾಗಿ ಸೇರಿಸಿದ ಎಂಟನೇ ನಿಮಿಷದಲ್ಲಿ ನಮ್ಮ ನಾಲ್ಕನೇ ಗೋಲೂ ಚೆಟ್ರಿಯದೇ, ಹ್ಯಾಟ್ರಿಕ್. 40ನೇ ವಯಸ್ಸಿನಲ್ಲಿ! ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಹ್ಯಾಟ್ರಿಕ್ ಹೊಡೆದವರಲ್ಲೇ ಅತಿ ಹಿರಿಯ ಅವರು. ಕಂಠೀರವದಲ್ಲಿ ಅಂದಿಗೂ ಕೇರಳ ನಮ್ಮನ್ನು ಗೆದ್ದಿರಲಿಲ್ಲ. ಅಕ್ಟೋಬರ್‌ನಲ್ಲಿ ಕೊಚ್ಚಿಗೇ ಹೋಗಿ 3–1ರಿಂದ ಗೆದ್ದು ಬಂದಿದ್ದೆವು. ಆದರೂ ನನಗೆ ಇವತ್ತಿಗೂ ದೊಡ್ಡದು ಆ ಆರು ನಿಮಿಷವೇ. ಕಣ್ಣು ತುಂಬಿ ಬಂತು. ಚೇಟ ಇನ್ನೊಂದು ಚಾಯ ತಂದಿಟ್ಟು ಹೇಳಿದರು, ‘ನಿಮ್ಮವರು ಹೆದರ್ಲಿಲ್ಲ.’ ಸೋತ ಕಡೆಯವರ ಬಾಯಲ್ಲಿ ಬಂದ ಮಾತು ಅದು.

ಅದು ಒಂದು ರಾತ್ರಿಯ ಮಾತಾಗಿ ಉಳಿಯಲಿಲ್ಲ. ಆ ಸೀಸನ್‌ನ ಪ್ಲೇಆಫ್‌ನಲ್ಲಿ ಮುಂಬೈಗೆ ಐದು ಗೋಲು ಹೊಡೆದರು. ಸೆಮಿಫೈನಲ್‌ನಲ್ಲಿ ಗೋವಾದಲ್ಲಿ ಎರಡು ಗೋಲು ತಿಂದು ಎರಡು ಪಂದ್ಯಗಳ ಒಟ್ಟು ಲೆಕ್ಕ ಸಮ ಆದಾಗಲೂ ಕೊನೆಗಳಿಗೆಯಲ್ಲಿ ಚೆಟ್ರಿ ಗೋಲು ಬಂತು. ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ ಹೆಚ್ಚುವರಿ ಸಮಯದಲ್ಲಿ 2–1ರಿಂದ ಸೋತೆವು. ಅತ್ತುಬಿಟ್ಟೆ, ಆದರೆ ತಲೆ ತಗ್ಗಿಸಲಿಲ್ಲ.

ಮರುದಿನ ಮದುವೆ ಚೆನ್ನಾಗಿ ಆಯಿತು. ವಾಲಗದ ಸದ್ದು, ಕೊಡವರ ನಿಲುವಂಗಿ ಕುಪ್ಯಚೇಲೆ ತೊಟ್ಟ ಗಂಡಸರು, ಒಡಿಕತ್ತಿಯಿಂದ ಬಾಳೆ ಕಡಿದದ್ದು. ಊಟಕ್ಕೆ ಕಡಂಬುಟ್ಟು ಅನ್ನುವ ಅಕ್ಕಿ ಉಂಡೆ, ಪಂದಿ ಕರಿ. ಕಾಚಂಪುಳಿ ಅನ್ನುವ ಹುಳಿ ಹಾಕಿದ ಆ ಕಪ್ಪು ಮಸಾಲೆಯ ರುಚಿ ಬೆಂಗಳೂರಿನಲ್ಲಿ ನನಗೆ ಸಿಕ್ಕಿಲ್ಲ. ತಟ್ಟೆ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಅಂಕಲ್ ತಮ್ಮ ಹಾಕಿ ಗೆಳೆಯರ ಗುಂಪಿನಲ್ಲಿ ಕೈ ಬೀಸುತ್ತ ಕೊಡವ ತಕ್ಕ್‌ನಲ್ಲಿ ಏನೋ ಜೋರಾಗಿ ಹೇಳುತ್ತಿದ್ದರು. ನನಗೆ ಅರ್ಥವಾದದ್ದು ಎರಡೇ. ‘ದಂಡ್, ದಂಡ್’ ಅಂದರು, ಅಂದರೆ ಎರಡು–ಎರಡು. ಸ್ವಲ್ಪ ನಿಲ್ಲಿಸಿ, ಎಲ್ಲರ ಮುಖ ನೋಡಿ, ‘ಚೆಟ್ರಿ’ ಅಂದರು.